ಹೈದರಾಬಾದ್ ಸಂಸ್ಥಾನ ಮತ್ತು ಭಾರತದ ಸಂವಿಧಾನ: ಜನತೆಯ ಒಪ್ಪಿಗೆಯನ್ನು ಕುರಿತ ಒಂದು ಪಾಠ

ಭಾರತದ ಸಂವಿಧಾನವು 1949ರ ನವೆಂಬರ್ 26ರಂದು ಅಂಗೀಕೃತವಾಗಿ 1950ರ ಜನವರಿ 26ರಂದು ಜಾರಿಗೆ ಬಂದಿತೆಂಬುದು ಶಾಲಾ ವಿದ್ಯಾರ್ಥಿಗಳೆಲ್ಲರಿಗೂ ತಿಳಿದ ವಿಷಯ. ಆದರೆ ಈ ಎರಡು ದಿನಾಂಕಗಳ ಹಿಂದಿರುವ ಒಂದು ಮುಖ್ಯ ಪ್ರಶ್ನೆಯನ್ನು ನಮ್ಮ ಪಾಠಗಳು ಸಾಮಾನ್ಯವಾಗಿ ಎತ್ತುವುದಿಲ್ಲ. ದೆಹಲಿಯಲ್ಲಿ ಸೇರಿದ ಸಭೆಯೊಂದು ರಚಿಸಿದ ಸಂವಿಧಾನವು, ಆ ಸಭೆಗೆ ತನ್ನ ಪ್ರತಿನಿಧಿಗಳನ್ನೇ ಕಳುಹಿಸದಿದ್ದ ಒಂದು ಸಂಸ್ಥಾನದ ಜನರಿಗೆ ಹೇಗೆ ಅನ್ವಯವಾಯಿತು? ಅವರ ಒಪ್ಪಿಗೆಯನ್ನು ಯಾರು, ಯಾವಾಗ, ಯಾವ ರೀತಿಯಲ್ಲಿ ಪಡೆದರು?

ಈ ಪ್ರಶ್ನೆಯು ಹೈದರಾಬಾದ್ ಸಂಸ್ಥಾನಕ್ಕೆ ಸಂಬಂಧಿಸಿದುದು. 1941ರ ಜನಗಣತಿಯ ಪ್ರಕಾರ ಆ ಸಂಸ್ಥಾನದ ಜನಸಂಖ್ಯೆ ಸುಮಾರು 1 ಕೋಟಿ 63 ಲಕ್ಷ. ವಿಸ್ತೀರ್ಣ 82 ಸಾವಿರ ಚದರ ಮೈಲಿಗಳಿಗಿಂತ ಹೆಚ್ಚು. ತೆಲುಗು, ಮರಾಠಿ, ಕನ್ನಡ ಮತ್ತು ಉರ್ದು ಭಾಷೆಗಳನ್ನಾಡುವ ಜನರು ಅಲ್ಲಿ ಒಂದೇ ಆಡಳಿತದಲ್ಲಿದ್ದರು. ರಾಯಚೂರು ಮತ್ತು ಗುಲ್ಬರ್ಗಾ (ಇಂದಿನ ಕಲಬುರಗಿ) ಜಿಲ್ಲೆಗಳೂ, ಕನ್ನಡ, ಮರಾಠಿ, ತೆಲುಗು ಮೂರೂ ಕೂಡುವ ಬೀದರ್ ಜಿಲ್ಲೆಯೂ ಅದಕ್ಕೆ ಸೇರಿದ್ದವು. ಆದುದರಿಂದ ಹೈದರಾಬಾದಿನ ಈ ವೃತ್ತಾಂತವು ತೆಲಂಗಾಣಕ್ಕೆ ಮಾತ್ರ ಸೇರಿದುದಲ್ಲ. ಕರ್ನಾಟಕದ ಚರಿತ್ರೆಗೂ ಸೇರಿದುದು. ಪೌರನೀತಿಯನ್ನು ಬೋಧಿಸುವ ಅಧ್ಯಾಪಕರಿಗೂ, ವಿದ್ಯಾರ್ಥಿಗಳಿಗೂ, ಆಸಕ್ತ ಸಾರ್ವಜನಿಕರಿಗೂ ಉಪಯೋಗವಾಗಲೆಂದು ಈ ಪಾಠವನ್ನು ಸಿದ್ಧಪಡಿಸಲಾಗಿದೆ.

ಸ್ಥಿರೀಕರಣ ಎಂದರೇನು?

ಒಂದು ಸಭೆ ಕೈಗೊಂಡ ನಿರ್ಣಯವನ್ನು, ಅದಕ್ಕೆ ಒಳಪಡಬೇಕಾದವರು ತಾವೇ ಪರಿಶೀಲಿಸಿ, ಇದು ನಮಗೆ ಒಪ್ಪಿಗೆ ಎಂದು ದೃಢಪಡಿಸುವುದಕ್ಕೆ ಸ್ಥಿರೀಕರಣವೆಂದು ಹೆಸರು. ಕಾನೂನಿನ ಗ್ರಂಥಗಳಲ್ಲಿ ಇದನ್ನು ಅನುಸಮರ್ಥನೆ ಎಂದೂ ಕರೆಯುವುದುಂಟು. ರಚನೆ ಬೇರೆ, ಸ್ಥಿರೀಕರಣ ಬೇರೆ ಎಂಬುದನ್ನು ವಿದ್ಯಾರ್ಥಿಗಳು ಮೊದಲು ಗ್ರಹಿಸಬೇಕು.

ಇದಕ್ಕೆ ಪ್ರಸಿದ್ಧ ಉದಾಹರಣೆಯೆಂದರೆ ಅಮೆರಿಕದ ಸಂಯುಕ್ತ ಸಂಸ್ಥಾನಗಳು. ಫಿಲಡೆಲ್ಫಿಯ ನಗರದಲ್ಲಿ ಸೇರಿದ್ದ ಸಮಾವೇಶವು 1787ರ ಸೆಪ್ಟೆಂಬರ್ 17ರಂದು ಸಂವಿಧಾನಕ್ಕೆ ಸಹಿ ಹಾಕಿತು. ಆದರೆ 13 ರಾಜ್ಯಗಳ ಪೈಕಿ 9 ರಾಜ್ಯಗಳು ಒಪ್ಪುವವರೆಗೆ ಅದು ಜಾರಿಗೆ ಬರುವಂತಿರಲಿಲ್ಲ. ರಾಜ್ಯರಾಜ್ಯಗಳಲ್ಲಿ ಈ ಉದ್ದೇಶಕ್ಕಾಗಿಯೇ ಪ್ರತಿನಿಧಿಗಳನ್ನು ಆರಿಸಿ, ಸಭೆ ಸೇರಿಸಿ, ತಿಂಗಳುಗಟ್ಟಲೆ ಚರ್ಚಿಸಲಾಯಿತು. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 187 ಮಂದಿ ಪರವಾಗಿಯೂ 168 ಮಂದಿ ವಿರುದ್ಧವಾಗಿಯೂ ಮತ ನೀಡಿದರು. ವರ್ಜೀನಿಯದಲ್ಲಿ 89ಕ್ಕೆ 79, ನ್ಯೂಯಾರ್ಕಿನಲ್ಲಿ 30ಕ್ಕೆ 27 ಮತಗಳು ಬಂದವು. 1788ರ ಜೂನ್ 21ರಂದು ನ್ಯೂ ಹ್ಯಾಂಪ್‌ಷೈರ್ ಒಂಬತ್ತನೆಯ ರಾಜ್ಯವಾಗಿ ಒಪ್ಪಿಗೆ ನೀಡಿತು. ರೋಡ್ ಐಲೆಂಡ್ ರಾಜ್ಯವು 1790ರವರೆಗೆ ಹೊರಗುಳಿದು, ಕೊನೆಗೆ 34ಕ್ಕೆ 32 ಮತಗಳಿಂದ ಒಳಗೆ ಬಂದಿತು. ಪೌರರ ಹಕ್ಕುಗಳ ಪಟ್ಟಿಯಿಲ್ಲವೆಂಬುದು ವಿರೋಧಿಗಳ ಪ್ರಬಲ ಆಕ್ಷೇಪವಾಗಿತ್ತು. ಅದರ ಫಲವಾಗಿ 1791ರಲ್ಲಿ ಮೊದಲ ಹತ್ತು ತಿದ್ದುಪಡಿಗಳು ಸಂವಿಧಾನಕ್ಕೆ ಸೇರಿದವು. ಸೋತವರ ವಾದವೂ ದೇಶಕ್ಕೆ ಉಪಕಾರವನ್ನೇ ಮಾಡಿತು.

ಭಾರತ ಹಿಡಿದ ದಾರಿ

ಭಾರತದ ಸಂವಿಧಾನ ರಚನಾ ಸಭೆಯು 1946ರ ಡಿಸೆಂಬರ್ 9ರಂದು ಮೊದಲ ಬಾರಿಗೆ ಸೇರಿತು. ಪ್ರಾಂತಗಳ ಪ್ರತಿನಿಧಿಗಳನ್ನು ಆಯಾ ವಿಧಾನಸಭೆಗಳ ಸದಸ್ಯರು ಆರಿಸಿದ್ದರು. ಆ ವಿಧಾನಸಭೆಗಳಾದರೂ ಆಸ್ತಿ, ತೆರಿಗೆ, ವಿದ್ಯಾರ್ಹತೆ ಮೊದಲಾದವುಗಳ ಆಧಾರದ ಸೀಮಿತ ಮತದಾನದಿಂದ ಚುನಾಯಿತವಾದುವು. ಸಂಸ್ಥಾನಗಳಿಗೆ ಮೊದಲ ಯೋಜನೆಯಲ್ಲಿ 93 ಸ್ಥಾನಗಳನ್ನು ಮೀಸಲಿಡಲಾಗಿತ್ತು. ಸುಮಾರು ಹತ್ತು ಲಕ್ಷ ಜನರಿಗೆ ಒಬ್ಬ ಪ್ರತಿನಿಧಿ ಎಂಬುದು ಲೆಕ್ಕಾಚಾರ.

1948ರ ಫೆಬ್ರವರಿಯಲ್ಲಿ ಸಿದ್ಧವಾದ ಕರಡು ಸಂವಿಧಾನವು ಸುಮಾರು ಎಂಟು ತಿಂಗಳು ಸಾರ್ವಜನಿಕರ ಮುಂದಿತ್ತು. ಅನಂತರ ನಡೆದ ಚರ್ಚೆಯಲ್ಲಿ 7,635 ತಿದ್ದುಪಡಿಗಳ ಸೂಚನೆಗಳು ಬಂದು, 2,473 ತಿದ್ದುಪಡಿಗಳು ಸಭೆಯಲ್ಲಿ ಮಂಡಿತವಾದುವು. ಆದರೆ ಸಭೆ ಅಂಗೀಕರಿಸಿದ ಸಂವಿಧಾನವನ್ನು ಮತ್ತೆ ಪ್ರಾಂತಗಳ ಶಾಸನಸಭೆಗಳ ಮುಂದಿಡಬೇಕೆಂಬ ನಿಯಮವಿರಲಿಲ್ಲ. 1948ರ ನವೆಂಬರ್‌ನಲ್ಲಿ ಮೌಲಾನಾ ಹಸ್ರತ್ ಮೊಹಾನಿ, ಸೇಠ್ ದಾಮೋದರ ಸ್ವರೂಪ್ ಮೊದಲಾದ ಸದಸ್ಯರು, ಇಡೀ ಜನತೆಯಿಂದ ಆರಿಸಿಬಂದ ಹೊಸ ಸಭೆಯೇ ಈ ಕಾರ್ಯವನ್ನು ಮಾಡಬೇಕೆಂದು ವಾದಿಸಿದರು. ಸಭೆ ಅದನ್ನು ಒಪ್ಪಲಿಲ್ಲ.

ಡಾ. ಬಿ. ಆರ್. ಅಂಬೇಡ್ಕರ್ ಅವರು 1948ರ ನವೆಂಬರ್ 4ರಂದು ಕರಡನ್ನು ಮಂಡಿಸುತ್ತಾ ಈ ವ್ಯತ್ಯಾಸದ ತತ್ತ್ವವನ್ನು ಸ್ಪಷ್ಟಪಡಿಸಿದರು. ಭಾರತದ ಒಕ್ಕೂಟವು ಘಟಕ ರಾಜ್ಯಗಳು ತಮ್ಮೊಳಗೆ ಮಾಡಿಕೊಂಡ ಒಪ್ಪಂದದ ಫಲವಲ್ಲ. ಆದುದರಿಂದ ಅದರಿಂದ ಹೊರಗೆ ಹೋಗುವ ಹಕ್ಕು ಯಾವ ರಾಜ್ಯಕ್ಕೂ ಇಲ್ಲ ಎಂಬುದು ಅವರ ವಿವರಣೆಯ ಸಾರ. ಪ್ರಸ್ತಾವನೆಯು ಭಾರತದ ಜನತೆಯ ಹೆಸರಿನಲ್ಲಿ ಆರಂಭವಾಗುವುದೇ ಹೊರತು ರಾಜ್ಯಗಳ ಹೆಸರಿನಲ್ಲಿ ಅಲ್ಲ. ಅಮೆರಿಕದಲ್ಲಿ ಮೊದಲೇ ಇದ್ದ ರಾಜ್ಯಗಳು ಕೂಡಿ ಒಕ್ಕೂಟವಾದವು. ಭಾರತದಲ್ಲಿ ಪ್ರಾಂತಗಳು ಒಂದೇ ಆಡಳಿತದ ವಿಭಾಗಗಳಾಗಿದ್ದವು. ಆದರೆ ಸಂಸ್ಥಾನಗಳ ಸ್ಥಿತಿ ಹಾಗಿರಲಿಲ್ಲ. ಬ್ರಿಟಿಷರ ಪರಮಾಧಿಕಾರವು ಕೊನೆಗೊಂಡ ಮೇಲೆ ಅವುಗಳ ಒಪ್ಪಿಗೆಯನ್ನು ಪ್ರತ್ಯೇಕವಾಗಿ ಪಡೆಯಬೇಕಾಗಿ ಬಂದಿತು.

ಕನ್ನಡ ನಾಡಿನ ಹಲವು ಬಗೆಯ ಒಪ್ಪಿಗೆ

ಅಂದು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡ ನಾಡನ್ನು ನೋಡಿದರೆ ಇದು ಸುಲಭವಾಗಿ ಮನದಟ್ಟಾಗುವುದು.

ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ಪರವಾಗಿ ಆರ್. ಆರ್. ದಿವಾಕರ, ಎಸ್. ನಿಜಲಿಂಗಪ್ಪ ಅವರು ಸಂವಿಧಾನ ರಚನಾ ಸಭೆಯಲ್ಲಿದ್ದರು. ಕಾಸರಗೋಡನ್ನೂ ಒಳಗೊಂಡಿದ್ದ ದಕ್ಷಿಣ ಕನ್ನಡ ಜಿಲ್ಲೆಯ ಯು. ಶ್ರೀನಿವಾಸ ಮಲ್ಯ ಅವರು ಮದರಾಸು ಪ್ರಾಂತದ ಸದಸ್ಯರಾಗಿದ್ದರು. ಪುಟ್ಟ ಕೊಡಗಿನಿಂದ ಸಿ. ಎಂ. ಪೂಣಚ್ಚ ಅವರೊಬ್ಬರೇ ಇದ್ದರು. ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರು, ಸಂಡೂರು ಮುಂತಾದ ಚಿಕ್ಕ ಸಂಸ್ಥಾನಗಳು 1948-49ರಲ್ಲಿ ನೆರೆಯ ಪ್ರಾಂತಗಳಲ್ಲಿ ವಿಲೀನವಾದವು.

ಮೈಸೂರು ಸಂಸ್ಥಾನವು 1947ರ ಆಗಸ್ಟ್‌ನಲ್ಲಿಯೇ ಸೇರ್ಪಡೆ ಪತ್ರಕ್ಕೆ ಸಹಿ ಹಾಕಿತ್ತು. ಮೈಸೂರು ಚಲೋ ಚಳವಳಿಯ ತರುವಾಯ ಅದೇ ವರ್ಷದ ಅಕ್ಟೋಬರ್‌ನಲ್ಲಿ ಕೆ. ಚೆಂಗಲರಾಯ ರೆಡ್ಡಿಯವರ ನೇತೃತ್ವದಲ್ಲಿ ಜವಾಬ್ದಾರಿ ಸರ್ಕಾರ ರಚಿತವಾಯಿತು. ದೆಹಲಿಯ ಸಭೆಯಲ್ಲಿ ಮೈಸೂರಿಗೆ ಏಳು ಸದಸ್ಯರಿದ್ದರು; ಮೈಸೂರಿನಲ್ಲಿಯೂ ಪ್ರತ್ಯೇಕ ಸಂವಿಧಾನ ರಚನಾ ಸಭೆಯೊಂದಿತ್ತು. ಸಂಸ್ಥಾನಗಳಿಗೆ ಬೇರೆ ಬೇರೆ ಸಂವಿಧಾನಗಳು ಬೇಡ, ಅವುಗಳ ಆಡಳಿತದ ನಿಯಮಗಳೂ ಭಾರತದ ಸಂವಿಧಾನದಲ್ಲಿಯೇ ಅಡಕವಾಗಲಿ ಎಂಬ ತೀರ್ಮಾನವು 1949ರ ಮೇ ತಿಂಗಳ ಸಮಾಲೋಚನೆಯಲ್ಲಿ ಆಯಿತು. ಮೈಸೂರಿನ ಸಭೆ ಇದಕ್ಕೆ ಸಮ್ಮತಿಸಿತು. ಮಹಾರಾಜ ಶ್ರೀ ಜಯಚಾಮರಾಜ ಒಡೆಯರ್ ಅವರು 1949ರ ನವೆಂಬರ್ 25ರಂದು ಅಂಗೀಕಾರದ ಘೋಷಣೆಯನ್ನು ಹೊರಡಿಸಿದರು. ಜನಪ್ರತಿನಿಧಿಗಳ ಸಮ್ಮತಿ ಮೊದಲು, ಅರಸರ ಘೋಷಣೆ ಆಮೇಲೆ ಎಂಬ ಕ್ರಮವನ್ನು ಇಲ್ಲಿ ಕಾಣುತ್ತೇವೆ.

ರಾಯಚೂರು, ಗುಲ್ಬರ್ಗಾ, ಬೀದರ್ ಜಿಲ್ಲೆಗಳ ಜನರಿಗೆ ಇವುಗಳಲ್ಲಿ ಯಾವ ಅವಕಾಶವೂ ದೊರೆಯಲಿಲ್ಲ.

ಹೈದರಾಬಾದಿನ ಸನ್ನಿವೇಶ

ಬ್ರಿಟಿಷರ ನಿರ್ಗಮನದ ಬಳಿಕ ತಾವು ಸ್ವತಂತ್ರರಾಗಿರುವುದಾಗಿ ನಿಜಾಮ್ ಮೀರ್ ಉಸ್ಮಾನ್ ಅಲಿ ಖಾನ್ ಅವರು 1947ರ ಜೂನ್‌ನಲ್ಲಿ ಪ್ರಕಟಿಸಿದರು. ಸಂಸ್ಥಾನವು ಭಾರತಕ್ಕೆ ಸೇರಬೇಕೆಂದು ಸ್ವಾಮಿ ರಾಮಾನಂದ ತೀರ್ಥರ ನಾಯಕತ್ವದ ಹೈದರಾಬಾದ್ ರಾಜ್ಯ ಕಾಂಗ್ರೆಸ್ ಆಗಸ್ಟ್ 7ರಂದು ಸತ್ಯಾಗ್ರಹವನ್ನು ಆರಂಭಿಸಿತು. ಇದರ ಬೀಜಗಳು ವಿದ್ಯಾರ್ಥಿಗಳ ನಡುವೆ ಮೊದಲೇ ಬಿದ್ದಿದ್ದವು. 1938ರಲ್ಲಿ ಉಸ್ಮಾನಿಯ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ವಸತಿಗೃಹದಲ್ಲಿ ವಂದೇ ಮಾತರಂ ಹಾಡಿದುದಕ್ಕಾಗಿ ಹೊರಹಾಕಲ್ಪಟ್ಟು, ಅನೇಕರು ನಾಗಪುರಕ್ಕೆ ಹೋಗಿ ವಿದ್ಯಾಭ್ಯಾಸವನ್ನು ಮುಂದುವರಿಸಿದ್ದರು.

1947ರ ನವೆಂಬರ್ 29ರಂದು ಭಾರತ ಸರ್ಕಾರವೂ ನಿಜಾಮರೂ ಒಂದು ವರ್ಷದ ಯಥಾಸ್ಥಿತಿ ಒಪ್ಪಂದಕ್ಕೆ ಸಹಿ ಹಾಕಿದರು. ಆದರೆ ಹಳ್ಳಿಗಳಲ್ಲಿ ಶಾಂತಿ ನೆಲೆಸಲಿಲ್ಲ. ಖಾಸಿಂ ರಜ್ವಿಯ ರಜಾಕಾರರ ಹಾವಳಿ ಹೆಚ್ಚಿತು. ಬೀದರ್ ಜಿಲ್ಲೆಯ ಗೋರಟಾ ಗ್ರಾಮದಲ್ಲಿ 1948ರ ಮೇ ತಿಂಗಳಲ್ಲಿ ಭೀಕರ ಹತ್ಯಾಕಾಂಡ ನಡೆಯಿತು. ಗಡಿಯಾಚೆ ಮುಂಡರಗಿ ಮೊದಲಾದ ಕಡೆ ಶಿಬಿರಗಳು ಏರ್ಪಟ್ಟವು. ಅಳವಂಡಿ ಶಿವಮೂರ್ತಿಸ್ವಾಮಿಯವರು, ಸರದಾರ ಶರಣಗೌಡ ಇನಾಮದಾರರು ಮುಂತಾದವರು ಹೋರಾಟವನ್ನು ನಡೆಸಿದರು. ತೆಲಂಗಾಣದಲ್ಲಿ ಕಮ್ಯುನಿಸ್ಟರ ನೇತೃತ್ವದ ರೈತರ ಸಶಸ್ತ್ರ ಹೋರಾಟವು ಭೂಮಾಲೀಕರ ವಿರುದ್ಧ ನಡೆದಿತ್ತು. 1948ರ ಆಗಸ್ಟ್‌ನಲ್ಲಿ ನಿಜಾಮರ ಸರ್ಕಾರವು ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಸಲ್ಲಿಸಿತು.

ಸೆಪ್ಟೆಂಬರ್ 13ರಂದು ಭಾರತೀಯ ಸೇನೆಯು ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮರ ಪಡೆ ಶರಣಾಯಿತು. ಈ ಕಾರ್ಯಾಚರಣೆಯ ತರುವಾಯದ ದಿನಗಳಲ್ಲಿ ಹಲವು ಜಿಲ್ಲೆಗಳಲ್ಲಿ ನಿರಪರಾಧಿಗಳಾದ ಮುಸ್ಲಿಂ ನಾಗರಿಕರೂ ಬಹುಸಂಖ್ಯೆಯಲ್ಲಿ ಪ್ರಾಣ ಕಳೆದುಕೊಂಡರೆಂಬುದನ್ನು ಪಂಡಿತ ಸುಂದರಲಾಲ್ ಅವರ ನಿಯೋಗವು ಕೇಂದ್ರ ಸರ್ಕಾರಕ್ಕೆ ವರದಿ ಮಾಡಿತು. ಎರಡೂ ಕಡೆಯ ಈ ನೋವನ್ನು ಬೋಧನೆಯಲ್ಲಿ ಮರೆಮಾಡಬಾರದು. ಮುಂದೆ ಒಪ್ಪಿಗೆ ನೀಡಬೇಕಾಗಿದ್ದವರು ಇದೇ ಜನರು.

ಮೇಜರ್ ಜನರಲ್ ಜೆ. ಎನ್. ಚೌಧರಿ ಅವರು ಸೈನಿಕ ಗವರ್ನರಾಗಿ ಆಡಳಿತವನ್ನು ವಹಿಸಿಕೊಂಡರು. 1949ರ ಆಗಸ್ಟ್‌ನಲ್ಲಿ ಜಹಗೀರುಗಳನ್ನು ರದ್ದುಪಡಿಸುವ ಮಹತ್ವದ ಕ್ರಮವೂ ಈ ಆಡಳಿತದಲ್ಲಿಯೇ ಜಾರಿಗೆ ಬಂದಿತು. ಆದರೆ ಅದು ಜನರಿಂದ ಚುನಾಯಿತವಾದ ಆಡಳಿತವಾಗಿರಲಿಲ್ಲ.

1949ರ ನವೆಂಬರ್ 23ರ ಫರ್ಮಾನು

1949ರ ಅಕ್ಟೋಬರ್ 12ರಂದು ಸರದಾರ್ ವಲ್ಲಭಭಾಯಿ ಪಟೇಲರು ಸಂವಿಧಾನ ರಚನಾ ಸಭೆಯಲ್ಲಿ ಸಂಸ್ಥಾನಗಳನ್ನು ಕುರಿತು ವಿಸ್ತಾರವಾದ ಹೇಳಿಕೆಯನ್ನು ನೀಡಿದರು. ಶಾಸನಸಭೆ ಅಥವಾ ಸಂವಿಧಾನ ಸಭೆ ಇರುವ ಕಡೆ ಅದರ ಅಭಿಪ್ರಾಯವನ್ನು ಪಡೆಯುವುದು, ಇಲ್ಲದ ಕಡೆ ಅರಸರು ಅಥವಾ ರಾಜಪ್ರಮುಖರು ಅಂಗೀಕರಿಸುವುದು ಎಂಬ ವಿಧಾನವನ್ನು ಅವರು ಸೂಚಿಸಿದರು. ಅಂಥ ರಾಜ್ಯಗಳಲ್ಲಿ ಮುಂದೆ ಚುನಾಯಿತವಾಗುವ ಮೊದಲ ಶಾಸನಸಭೆಗಳು ಬದಲಾವಣೆಗಳನ್ನು ಸೂಚಿಸಿದರೆ ಅವನ್ನು ಗಮನವಿಟ್ಟು ಪರಿಶೀಲಿಸುವುದಾಗಿಯೂ ಭರವಸೆ ನೀಡಿದರು.

ಇದಕ್ಕನುಗುಣವಾಗಿ ನಿಜಾಮರು ನವೆಂಬರ್ 23ರಂದು ಫರ್ಮಾನನ್ನು ಹೊರಡಿಸಿದರು. ಇದೇ ಈ ಪಾಠದ ಕೇಂದ್ರವಾದ ದಾಖಲೆ. ಅದರ ತಾತ್ಪರ್ಯದಲ್ಲಿ ಎರಡು ಭಾಗಗಳಿವೆ. ಭಾರತದ ಸಂವಿಧಾನವನ್ನು ಹೈದರಾಬಾದ್ ರಾಜ್ಯದ ಸಂವಿಧಾನವಾಗಿ ನಿಜಾಮರು ಅಂಗೀಕರಿಸಿರುವರೆಂಬುದು ಮೊದಲನೆಯದು. ಈ ಅಂಗೀಕಾರವು ರಾಜ್ಯದ ಜನರ ಸ್ಥಿರೀಕರಣಕ್ಕೆ ಒಳಪಟ್ಟಿರುವುದೆಂಬುದು ಎರಡನೆಯದು. ಶೀಘ್ರದಲ್ಲಿ ರಚಿತವಾಗಲಿರುವ ರಾಜ್ಯದ ಸಂವಿಧಾನ ಸಭೆಯ ಮೂಲಕ ವ್ಯಕ್ತವಾಗುವ ಜನರ ಇಚ್ಛೆಯೇ, ಭಾರತದೊಡನೆ ರಾಜ್ಯದ ಸಂಬಂಧವನ್ನೂ ರಾಜ್ಯದ ಸಂವಿಧಾನವನ್ನೂ ಅಂತಿಮವಾಗಿ ನಿರ್ಧರಿಸುವುದೆಂದು ಅದರಲ್ಲಿ ಹೇಳಲಾಗಿತ್ತು.

ಮೂರು ದಿನಗಳ ಬಳಿಕ, ನವೆಂಬರ್ 26ರಂದು, ಹೈದರಾಬಾದೂ ಸೇರಿದಂತೆ ಮೊದಲನೆಯ ಅನುಸೂಚಿಯ 'ಬಿ' ಭಾಗದ ಒಂಬತ್ತು ರಾಜ್ಯಗಳೂ ಸಂವಿಧಾನವನ್ನು ಅಂಗೀಕರಿಸಿವೆಯೆಂದು ಪಟೇಲರು ಸಭೆಗೆ ತಿಳಿಸಿದರು. ಜನವರಿ 26ರಿಂದ ನಿಜಾಮರು ಹೈದರಾಬಾದ್ ರಾಜ್ಯದ ರಾಜಪ್ರಮುಖರಾದರು.

ಸೇರದೆ ಉಳಿದ ಸಭೆ

ಫರ್ಮಾನಿನಲ್ಲಿ ಹೇಳಿದ ಆ ಸಂವಿಧಾನ ಸಭೆ ಎಂದೂ ಸೇರಲಿಲ್ಲ. ಹೌದು ಅಥವಾ ಅಲ್ಲ ಎಂಬ ನೇರ ಪ್ರಶ್ನೆಯು ಹೈದರಾಬಾದಿನ ಪ್ರಜೆಗಳ ಮುಂದೆ ಎಂದೂ ಬರಲಿಲ್ಲ. ಹಾಗಾದರೆ ಜನರ ಸ್ಥಿರೀಕರಣ ದೊರೆಯಿತೆಂದು ಹೇಳಬಹುದೇ? ಇಲ್ಲಿ ಎರಡು ವಾದಗಳಿವೆ. ಎರಡನ್ನೂ ವಿದ್ಯಾರ್ಥಿಗಳು ತೂಗಿ ನೋಡಬೇಕು.

ದೊರೆಯಲಿಲ್ಲವೆನ್ನುವವರ ವಾದ ಹೀಗಿರಬಹುದು. ಅಂತಿಮ ನಿರ್ಧಾರ ಜನರದೆಂದು ರಾಜ್ಯದ ಮುಖ್ಯಸ್ಥರೇ ಲಿಖಿತವಾಗಿ ಘೋಷಿಸಿದ ಮೇಲೆ ಆ ಮಾತನ್ನು ನಡೆಸಬೇಕಾಗಿತ್ತು. ಒಂದು ಸರ್ಕಾರವನ್ನು ಆರಿಸುವುದು ಬೇರೆ, ಸಂವಿಧಾನವನ್ನು ಒಪ್ಪುವುದು ಬೇರೆ. ಅಭ್ಯರ್ಥಿಗೆ ಮತ ನೀಡುವಾಗ ಮತದಾರನು ಧಾನ್ಯದ ಬೆಲೆ, ಭೂಮಿ, ಭಾಷೆ, ಜಾತಿ ಮೊದಲಾದ ಅನೇಕ ವಿಷಯಗಳನ್ನು ಯೋಚಿಸುತ್ತಾನೆ. ಅದನ್ನೇ ಸಂವಿಧಾನದ ಸ್ಥಿರೀಕರಣವೆಂದು ಎಣಿಸುವುದು ಸರಿಯಲ್ಲ.

ದೊರೆಯಿತೆನ್ನುವವರು ಹೀಗೆ ಉತ್ತರಿಸಬಹುದು. ಉದ್ದೇಶಿತ ಸಭೆಗೆ ಎರಡು ಕೆಲಸಗಳಿದ್ದವು. ಅವುಗಳಲ್ಲಿ ರಾಜ್ಯದ ಸಂವಿಧಾನವನ್ನು ರಚಿಸುವ ಕೆಲಸವು, ರಾಜ್ಯಗಳ ಆಡಳಿತ ನಿಯಮಗಳು ಭಾರತದ ಸಂವಿಧಾನದಲ್ಲಿಯೇ ಸೇರಿದುದರಿಂದ ಅನಗತ್ಯವಾಯಿತು. ಉಳಿದ ಭಾರತದಲ್ಲಿಯೂ ಸಂವಿಧಾನವನ್ನು ಜನಮತಗಣನೆಗೆ ಇಟ್ಟಿರಲಿಲ್ಲ. ಆದುದರಿಂದ ಹೈದರಾಬಾದಿಗೆ ಮಾತ್ರ ಅನ್ಯಾಯವಾಯಿತೆನ್ನಲಾಗದು. ಎಲ್ಲಕ್ಕೂ ಮಿಗಿಲಾಗಿ, ನಿಜಾಮರ ಆಳ್ವಿಕೆಯಲ್ಲಿ ಸಾಮಾನ್ಯ ಪ್ರಜೆಗೆ ಇಲ್ಲದಿದ್ದ ಮತದಾನದ ಹಕ್ಕನ್ನು ಇದೇ ಸಂವಿಧಾನ ನೀಡಿತು. ಜನರು ಆ ಹಕ್ಕನ್ನು ಚಲಾಯಿಸಿ ಅದನ್ನು ತಮ್ಮದಾಗಿಸಿಕೊಂಡರು.

1952: ಜನರು ಮತಗಟ್ಟೆಗೆ ಬಂದಾಗ

ಮೊದಲ ಮಹಾಚುನಾವಣೆಯಲ್ಲಿ 21 ವರ್ಷ ತುಂಬಿದ ಸ್ತ್ರೀಪುರುಷರೆಲ್ಲರಿಗೂ ಮತದಾನದ ಹಕ್ಕಿತ್ತು. ಹೈದರಾಬಾದ್ ವಿಧಾನಸಭೆಯ 175 ಸ್ಥಾನಗಳ ಪೈಕಿ ಕಾಂಗ್ರೆಸ್ಸಿಗೆ 93 ದೊರೆತವು. ಕಮ್ಯುನಿಸ್ಟರು ನಿಷೇಧದ ಕಾರಣ ಜನತಾ ಪ್ರಜಾಪ್ರಭುತ್ವ ರಂಗದ ಹೆಸರಿನಲ್ಲಿ ಸ್ಪರ್ಧಿಸಿದರು. ಆ ರಂಗಕ್ಕೆ 42 ಸ್ಥಾನಗಳು ಬಂದವು. 1952ರ ಮಾರ್ಚ್ 6ರಂದು ಬಿ. ರಾಮಕೃಷ್ಣ ರಾವ್ ಅವರು ಮುಖ್ಯಮಂತ್ರಿಗಳಾದರು. ಸ್ವಾಮಿ ರಾಮಾನಂದ ತೀರ್ಥರು ಗುಲ್ಬರ್ಗಾದಿಂದಲೂ, ಅಳವಂಡಿ ಶಿವಮೂರ್ತಿಸ್ವಾಮಿಯವರು ಪಕ್ಷೇತರರಾಗಿ ಕುಷ್ಟಗಿಯಿಂದಲೂ ಲೋಕಸಭೆಗೆ ಆಯ್ಕೆಯಾದರು.

ನಲ್ಗೊಂಡ ಕ್ಷೇತ್ರದ ಫಲಿತಾಂಶವು ವಿಶೇಷವಾಗಿ ಗಮನಾರ್ಹವಾದುದು. ತೆಲಂಗಾಣದ ಸಶಸ್ತ್ರ ಹೋರಾಟವು 1951ರ ಅಕ್ಟೋಬರ್‌ನಲ್ಲಿ ನಿಂತಿತು. ಕೆಲವೇ ತಿಂಗಳುಗಳ ಬಳಿಕ ಆ ಹೋರಾಟದ ನಾಯಕರಲ್ಲಿ ಒಬ್ಬರಾದ ರಾವಿ ನಾರಾಯಣ ರೆಡ್ಡಿಯವರು ನಲ್ಗೊಂಡದಲ್ಲಿ ನಿಂತು, ಇಡೀ ದೇಶದಲ್ಲಿಯೇ ಅತ್ಯಧಿಕ ಮತಗಳನ್ನು ಪಡೆದು ಲೋಕಸಭೆಯನ್ನು ಪ್ರವೇಶಿಸಿದರು. ಸರ್ಕಾರದ ವಿರುದ್ಧ ಬಂದೂಕು ಹಿಡಿದಿದ್ದವರೂ ಸಂವಿಧಾನಕ್ಕೆ ನಿಷ್ಠೆಯ ಪ್ರಮಾಣವನ್ನು ಸ್ವೀಕರಿಸಿ ವಿರೋಧ ಪಕ್ಷದ ಆಸನಗಳಲ್ಲಿ ಕುಳಿತರು. ವಿಜೇತರ ಒಪ್ಪಿಗೆಗಿಂತ ವಿರೋಧಿಗಳ ಒಪ್ಪಿಗೆಯೇ ಸಂವಿಧಾನಕ್ಕೆ ಹೆಚ್ಚಿನ ಬಲವನ್ನು ಕೊಡುವುದು.

ಈ ದೃಷ್ಟಿಯಿಂದ ನೋಡಿದರೆ 1952ರ ಚುನಾವಣೆಯು ಫರ್ಮಾನಿನ ಭರವಸೆಯನ್ನು ಅಕ್ಷರಶಃ ಈಡೇರಿಸಲಿಲ್ಲ. ಅದರ ಆಶಯವನ್ನು ಬಹುಮಟ್ಟಿಗೆ ಈಡೇರಿಸಿತು. ಈ ಎರಡು ಮಾತುಗಳನ್ನೂ ಒಟ್ಟಿಗೆ ಹೇಳುವುದೇ ಚರಿತ್ರೆಗೆ ನ್ಯಾಯ.

ವಿಧಾನಸಭೆಯ ಮಾತಿಗೆ ಎಷ್ಟು ಬೆಲೆ?

1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗದ ವರದಿಯು ಬಂದಾಗ ಹೈದರಾಬಾದ್ ವಿಧಾನಸಭೆಯು ತನ್ನ ರಾಜ್ಯದ ಅಸ್ತಿತ್ವವನ್ನು ಕುರಿತೇ ಚರ್ಚಿಸಬೇಕಾಯಿತು. ರಾಯಚೂರು, ಗುಲ್ಬರ್ಗಾ ಜಿಲ್ಲೆಗಳನ್ನು ಕರ್ನಾಟಕಕ್ಕೆ ಸೇರಿಸಲು ಆಯೋಗವು ಶಿಫಾರಸು ಮಾಡಿತ್ತು. ಬೀದರ್ ಜಿಲ್ಲೆಯನ್ನು ಮಾತ್ರ ತೆಲುಗು ಜಿಲ್ಲೆಗಳೊಡನೆ ಉಳಿದ ಹೈದರಾಬಾದ್ ರಾಜ್ಯದಲ್ಲಿಯೇ ಇರಿಸಬೇಕೆಂದಿತ್ತು. ಆದರೆ 1956ರ ನವೆಂಬರ್ 1ರಂದು ಜಾರಿಗೆ ಬಂದ ವ್ಯವಸ್ಥೆ ಬೇರೆಯಾಗಿತ್ತು. ತೆಲುಗು ಜಿಲ್ಲೆಗಳು ಆಂಧ್ರದೊಡನೆ ಕೂಡಿದವು. ಬೀದರ್, ಭಾಲ್ಕಿ, ಹುಮನಾಬಾದ್, ಔರಾದ್ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಬಂದವು. ಅದೇ ಜಿಲ್ಲೆಯ ಉಳಿದ ತಾಲ್ಲೂಕುಗಳು ಮುಂಬಯಿಗೂ ಆಂಧ್ರಕ್ಕೂ ಹೋದವು. ಗುಲ್ಬರ್ಗಾದ ಕೊಡಂಗಲ್, ತಾಂಡೂರು, ರಾಯಚೂರಿನ ಗದ್ವಾಲ್, ಆಲಂಪುರಗಳು ಆಂಧ್ರಕ್ಕೆ ಸೇರಿದವು. ತಜ್ಞರ ವರದಿಯು ಸಾರ್ವಜನಿಕ ಚರ್ಚೆಯಲ್ಲಿ ಬದಲಾಗಬಲ್ಲುದೆಂಬುದಕ್ಕೆ ಇದು ನಿದರ್ಶನ.

ಆದರೂ ಇಲ್ಲಿ ಒಂದು ಮಿತಿಯಿದೆ. ಸಂವಿಧಾನದ 3ನೆಯ ಅನುಚ್ಛೇದದಂತೆ ರಾಜ್ಯದ ಗಡಿಯನ್ನು ಬದಲಿಸುವ ವಿಧೇಯಕವನ್ನು ರಾಷ್ಟ್ರಪತಿಗಳು ಆ ರಾಜ್ಯದ ಶಾಸಕಾಂಗದ ಅಭಿಪ್ರಾಯಕ್ಕೆ ಕಳುಹಿಸಬೇಕು. ಆದರೆ ಆ ಅಭಿಪ್ರಾಯವು ಸಂಸತ್ತನ್ನು ಬಂಧಿಸುವುದಿಲ್ಲ. ಹೈದರಾಬಾದ್ ನಗರದಲ್ಲಿಯೇ ಇದರ ಇತ್ತೀಚಿನ ಉದಾಹರಣೆ ದೊರೆಯುತ್ತದೆ. ಆಂಧ್ರಪ್ರದೇಶ ಪುನರ್ವಿಂಗಡಣಾ ವಿಧೇಯಕವನ್ನು ಅಲ್ಲಿನ ವಿಧಾನಸಭೆಯು 2014ರ ಜನವರಿಯಲ್ಲಿ ತಿರಸ್ಕರಿಸಿತು. ಮರುತಿಂಗಳು ಸಂಸತ್ತು ಅದನ್ನು ಅಂಗೀಕರಿಸಿತು. ಜೂನ್ 2ರಂದು ತೆಲಂಗಾಣ ರಾಜ್ಯ ಉದಯಿಸಿತು.

ನಿಜವಾದ ಸ್ಥಿರೀಕರಣಕ್ಕೆ ನಮ್ಮ ಸಂವಿಧಾನದಲ್ಲಿ ಸ್ಥಾನವಿರುವುದು 368ನೆಯ ಅನುಚ್ಛೇದದಲ್ಲಿ. ರಾಷ್ಟ್ರಪತಿಗಳ ಚುನಾವಣೆ, ಕೇಂದ್ರ ಮತ್ತು ರಾಜ್ಯಗಳ ಅಧಿಕಾರ ಹಂಚಿಕೆ, ಸರ್ವೋಚ್ಚ ಮತ್ತು ಉಚ್ಚ ನ್ಯಾಯಾಲಯಗಳು, ಸಂಸತ್ತಿನಲ್ಲಿ ರಾಜ್ಯಗಳ ಪ್ರಾತಿನಿಧ್ಯ ಮುಂತಾದ ವಿಷಯಗಳ ತಿದ್ದುಪಡಿಗೆ ಸಂಸತ್ತಿನ ವಿಶೇಷ ಬಹುಮತವಲ್ಲದೆ, ಕನಿಷ್ಠ ಅರ್ಧದಷ್ಟು ರಾಜ್ಯಗಳ ಶಾಸಕಾಂಗಗಳ ಒಪ್ಪಿಗೆಯೂ ಬೇಕು. ಸರಕು ಮತ್ತು ಸೇವಾ ತೆರಿಗೆಗೆ ಸಂಬಂಧಿಸಿದ 2016ರ 101ನೆಯ ತಿದ್ದುಪಡಿಯು ಹೀಗೆ ರಾಜ್ಯಗಳ ಒಪ್ಪಿಗೆಯನ್ನು ಪಡೆದ ಮೇಲೆಯೇ ರಾಷ್ಟ್ರಪತಿಗಳ ಅಂಕಿತವನ್ನು ಪಡೆಯಿತು.

ಹಳೆಯ ಹೈದರಾಬಾದಿನ ಕನ್ನಡ ಜಿಲ್ಲೆಗಳ ವಿಷಯದಲ್ಲಿಯೂ ಸಂವಿಧಾನವು ಮತ್ತೊಮ್ಮೆ ಬದಲಾಯಿತು. ಆ ಭಾಗದ ಜನರ ದೀರ್ಘಕಾಲದ ಬೇಡಿಕೆಯಂತೆ ಸಂಸತ್ತು 2012ರ ಡಿಸೆಂಬರ್‌ನಲ್ಲಿ 98ನೆಯ ತಿದ್ದುಪಡಿಯನ್ನು ಅಂಗೀಕರಿಸಿ 371 'ಜೆ' ಅನುಚ್ಛೇದವನ್ನು ಸೇರಿಸಿತು. ಅಭಿವೃದ್ಧಿ ಮಂಡಳಿ, ಶಿಕ್ಷಣ ಮತ್ತು ಉದ್ಯೋಗಗಳಲ್ಲಿ ಮೀಸಲಾತಿ ಇವು ಅದರ ಮುಖ್ಯಾಂಶಗಳು. ಸಂವಿಧಾನ ರಚನೆಯಲ್ಲಿ ಪಾಲ್ಗೊಳ್ಳುವ ಅವಕಾಶವಿಲ್ಲದಿದ್ದ ಜಿಲ್ಲೆಗಳ ಜನರು, ಆರು ದಶಕಗಳ ಬಳಿಕ ತಮ್ಮ ಬೇಡಿಕೆಯಿಂದ ಅದರಲ್ಲಿ ಒಂದು ಅನುಚ್ಛೇದವನ್ನೇ ಸೇರಿಸುವಂತೆ ಮಾಡಿದರು.

ತರಗತಿಯಲ್ಲಿ ಅಳವಡಿಸುವ ವಿಧಾನ

ಈ ಪಾಠವನ್ನು ಉಪನ್ಯಾಸವಾಗಿ ಹೇಳುವುದಕ್ಕಿಂತ ಚರ್ಚೆಯಾಗಿ ನಡೆಸುವುದು ಉತ್ತಮ. ಎಂದೂ ಸೇರದ ಆ ಸಭೆಯನ್ನು ವಿದ್ಯಾರ್ಥಿಗಳು ತರಗತಿಯಲ್ಲಿ ಸೇರಿಸಲಿ. ಇದಕ್ಕೆ ಮೂರು ಅವಧಿಗಳು ಸಾಕು.

ಮೊದಲನೆಯ ಅವಧಿಯಲ್ಲಿ ಅಧ್ಯಾಪಕರು ಭೂಪಟದ ಸಹಾಯದಿಂದ 1948ರ ಹೈದರಾಬಾದ್ ಸಂಸ್ಥಾನವನ್ನು ತೋರಿಸಿ, ಫರ್ಮಾನಿನ ತಾತ್ಪರ್ಯವನ್ನು ಕಪ್ಪು ಹಲಗೆಯ ಮೇಲೆ ಬರೆಯಬೇಕು. ಎರಡನೆಯ ಅವಧಿಯಲ್ಲಿ ತರಗತಿಯನ್ನು ಗುಂಪುಗಳಾಗಿ ವಿಂಗಡಿಸಬೇಕು. ರಾಜ್ಯ ಕಾಂಗ್ರೆಸ್ಸಿನವರು, ತೆಲಂಗಾಣದ ಗೇಣಿದಾರ ರೈತರು, ಕನ್ನಡ ಜಿಲ್ಲೆಗಳ ಪ್ರತಿನಿಧಿಗಳು, ಮರಾಠಿ ಜಿಲ್ಲೆಗಳ ಪ್ರತಿನಿಧಿಗಳು, ಹೈದರಾಬಾದ್ ನಗರದ ಉರ್ದು ಭಾಷಿಕ ನೌಕರರು ಮತ್ತು ಕುಶಲಕರ್ಮಿಗಳು, ಜಹಗೀರು ಕಳೆದುಕೊಂಡವರು, ಆಗತಾನೇ ಮತದಾನದ ಹಕ್ಕನ್ನು ಪಡೆದ ಮಹಿಳೆಯರು ಹೀಗೆ ಗುಂಪುಗಳಿರಬಹುದು. ಪ್ರತಿಯೊಂದು ಗುಂಪೂ ಮೂರು ಅಂಶಗಳನ್ನು ಬರೆದುಕೊಳ್ಳಬೇಕು: ಈ ಸಂವಿಧಾನದಿಂದ ನಮಗೇನು ದೊರೆಯುವುದು, ನಮ್ಮ ಆತಂಕವೇನು, ಒಪ್ಪಿಗೆಗೆ ನಾವು ಯಾವ ತಿದ್ದುಪಡಿಯನ್ನು ಕೇಳುವೆವು. ಮೂರನೆಯ ಅವಧಿಯಲ್ಲಿ ಅಧ್ಯಕ್ಷರನ್ನು ಆರಿಸಿ, ನಿರ್ಣಯವನ್ನು ಮಂಡಿಸಿ, ಚರ್ಚಿಸಿ, ಗುಪ್ತ ಮತದಾನವನ್ನು ನಡೆಸಬೇಕು.

ಅಧ್ಯಾಪಕರು ಕೆಲವು ಎಚ್ಚರಿಕೆಗಳನ್ನು ವಹಿಸಬೇಕು. ಯಾವ ವಿದ್ಯಾರ್ಥಿಗೂ ಅವನ ಅಥವಾ ಅವಳ ಜಾತಿ, ಧರ್ಮ, ಮನೆಮಾತಿನ ಆಧಾರದಿಂದ ಪಾತ್ರವನ್ನು ಹಂಚಬಾರದು. ಚೀಟಿ ಎತ್ತುವುದು ಸೂಕ್ತ. ಪ್ರತಿಯೊಂದು ಮಾತಿಗೂ ಆಧಾರವಾದ ಒಂದು ಸಂಗತಿಯನ್ನು ಹೇಳಬೇಕೆಂಬ ನಿಯಮವಿರಲಿ. ನಿರ್ಣಯದ ವಿರುದ್ಧ ಮತ ನೀಡಿದವರನ್ನು ದೇಶದ್ರೋಹಿಗಳೆಂದು ಹೀಯಾಳಿಸಲು ಬಿಡಬಾರದು. ಮ್ಯಾಸಚೂಸೆಟ್ಸಿನ 168 ಮಂದಿಯ ಉದಾಹರಣೆಯನ್ನು ಆಗ ನೆನಪಿಸಬಹುದು.

ಕಲಬುರಗಿ, ಬೀದರ್, ರಾಯಚೂರು, ಕೊಪ್ಪಳ, ಯಾದಗಿರಿ ಜಿಲ್ಲೆಗಳ ಶಾಲೆಗಳಿಗೆ ಇನ್ನೊಂದು ಅವಕಾಶವಿದೆ. 1952ರಲ್ಲಿ ಮತ ಹಾಕಿದವರು ಇಂದು ತೊಂಬತ್ತು ದಾಟಿದ ಹಿರಿಯರು. ಅಂಥವರು ಊರಿನಲ್ಲಿದ್ದರೆ ಅವರ ನೆನಪುಗಳನ್ನು ವಿನಯದಿಂದ ಕೇಳಿ ಬರೆದಿಡುವುದು ವಿದ್ಯಾರ್ಥಿಗಳಿಗೆ ಉತ್ತಮ ಅಭ್ಯಾಸ. ಹೈದರಾಬಾದ್ ನಗರದಲ್ಲಿರುವ ಕನ್ನಡ ಕುಟುಂಬಗಳ ಮಕ್ಕಳು ಸಾರ್ವಜನಿಕ ಉದ್ಯಾನದ ಬಳಿಯಿರುವ ಹಳೆಯ ವಿಧಾನಸಭಾ ಭವನವನ್ನು ನೋಡಿಬರಬಹುದು.

ಅಭ್ಯಾಸಕ್ಕಾಗಿ ಪ್ರಶ್ನೆಗಳು

1. ಸಂವಿಧಾನದ ರಚನೆಗೂ ಸ್ಥಿರೀಕರಣಕ್ಕೂ ಇರುವ ವ್ಯತ್ಯಾಸವನ್ನು ಉದಾಹರಣೆಯೊಡನೆ ವಿವರಿಸಿರಿ.

2. ಮೈಸೂರು ಮತ್ತು ಹೈದರಾಬಾದ್ ಸಂಸ್ಥಾನಗಳು ಭಾರತದ ಸಂವಿಧಾನವನ್ನು ಅಂಗೀಕರಿಸಿದ ಕ್ರಮಗಳನ್ನು ಹೋಲಿಸಿರಿ.

3. 1949ರ ನವೆಂಬರ್ 23ರ ಫರ್ಮಾನಿನ ಎರಡು ಭಾಗಗಳಾವುವು? ಎರಡನೆಯ ಭಾಗವು 1952ರ ಚುನಾವಣೆಯಿಂದ ಈಡೇರಿತೆಂದು ನೀವು ಒಪ್ಪುವಿರಾ? ಕಾರಣಗಳನ್ನು ಕೊಡಿರಿ.

4. ರಾಜ್ಯದ ಶಾಸಕಾಂಗದ ಅಭಿಪ್ರಾಯಕ್ಕೆ 3ನೆಯ ಮತ್ತು 368ನೆಯ ಅನುಚ್ಛೇದಗಳಲ್ಲಿ ಇರುವ ಬೆಲೆಯಲ್ಲಿ ವ್ಯತ್ಯಾಸವೇನು? ಈ ವ್ಯತ್ಯಾಸ ಇರಬೇಕೇ? ನಿಮ್ಮ ತರಗತಿಯಲ್ಲಿ ಚರ್ಚಿಸಿರಿ.

5. ನಿಮ್ಮ ತಾಲ್ಲೂಕು 1947ರಲ್ಲಿ ಯಾವ ಆಡಳಿತಕ್ಕೆ ಸೇರಿತ್ತು? ಅಲ್ಲಿನ ಜನರ ಪರವಾಗಿ ಸಂವಿಧಾನವನ್ನು ಯಾರು, ಹೇಗೆ ಒಪ್ಪಿದರೆಂಬುದನ್ನು ಕಂಡುಹಿಡಿದು ಒಂದು ಪುಟದ ಟಿಪ್ಪಣಿಯನ್ನು ಬರೆಯಿರಿ.